ನೀರ ಮೇಲಿನ ಕಪ್ಪು ಗೆರೆ

ಮೊದಲು ಕಂಡದ್ದು ನನಗೆ. ನೀರಿನ ಮೇಲೆ ಒಂದು ಕಪ್ಪು ಗೆರೆ. ಅಲೆ ಎದ್ದಾಗ ಮಾಯ, ಅಲೆ ಇಳಿದಾಗ ಮತ್ತೆ ಗೆರೆ. ಸೀಲ್ ಎಂಬ ಕಡಲ ಪ್ರಾಣಿ ಇರಬಹುದು ಅಂದುಕೊಂಡೆ. ಆದರೆ ಸೀಲ್ ಅಷ್ಟುದ್ದ ಇರುವುದಿಲ್ಲ ಅಲ್ವಾ?

"ನಿಧಾನ, ನಿಧಾನ!" ಎಂದು ಕೂಗಿದೆ. ಪಕ್ಕದ ಮನೆಯ ಅಜ್ಜ ಎಂಜಿನ್ ನ್ಯೂಟ್ರಲ್‌ಗೆ ಹಾಕಿದರು. ದೋಣಿ ಬಂದ ವೇಗಕ್ಕೇ ಇನ್ನಷ್ಟು ಮುಂದೆ ಜಾರಿತು. ಆಗ ಸರಿಯಾಗಿ ಕಂಡಿತು. ದಪ್ಪ ಕಪ್ಪು ಪ್ಲಾಸ್ಟಿಕ್ ಪೈಪು. ಹಾವಿನ ಹಾಗೆ ಬಳುಕುತ್ತಾ ನಮ್ಮ ದೋಣಿಯ ಮುಂದೆ ಅಡ್ಡಲಾಗಿ ತೇಲುತ್ತಿತ್ತು. ಒಂದು ತುದಿ ಕಾಣುತ್ತಿತ್ತು. ಇನ್ನೊಂದು ತುದಿ ಎಲ್ಲಿದೆ ಎಂದು ಗೊತ್ತಾಗಲಿಲ್ಲ.

ಇದು ನಾರ್ವೆಯ ಪಶ್ಚಿಮ ಕರಾವಳಿ. ಬರ್ಗನ್ ಪಟ್ಟಣದಿಂದ ಪಶ್ಚಿಮಕ್ಕೆ ಸೋತ್ರಾ ಎಂಬ ದೊಡ್ಡ ದ್ವೀಪ ಇದೆ. ಅದರ ಸುತ್ತ ಲೆಕ್ಕವಿಲ್ಲದಷ್ಟು ಬಂಡೆಗಳು, ಸಣ್ಣ ಸಣ್ಣ ನಡುಗಡ್ಡೆಗಳು. ಅದರಾಚೆ ತೆರೆದ ಕಡಲು. ನಾನು ಮತ್ತು ನನ್ನ ಗಂಡ ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ನಾನು ಕುಂದಾಪುರದ ಹತ್ತಿರದ ಗಂಗೊಳ್ಳಿಯವಳು. ಅಪ್ಪಯ್ಯ ನಲವತ್ತು ವರ್ಷ ಕಡಲಿಗೆ ಹೋದವರು. ಆದರೆ ಊರಿನಲ್ಲಿ ನಾನು ಒಂದು ದಿನವೂ ದೋಣಿಯಲ್ಲಿ ಅಳಿವೆ ದಾಟಲಿಲ್ಲ. ನಮ್ಮಲ್ಲಿ ಗಂಡಸರು ಕಡಲಿಗೆ ಹೋಗುತ್ತಾರೆ, ಹೆಂಗಸರು ಮೀನು ಮಾರುತ್ತಾರೆ. ಬಂದರಿನ ಧಕ್ಕೆಯೇ ನನ್ನ ಗಡಿ ಆಗಿತ್ತು.

ದೋಣಿ ನಡೆಸಲು ಕಲಿತದ್ದು ಇಲ್ಲಿ. 1980ರಲ್ಲಿ ಅಥವಾ ಆಮೇಲೆ ಹುಟ್ಟಿದವರು ನಾರ್ವೆಯಲ್ಲಿ 8 ಮೀಟರಿಗಿಂತ ಉದ್ದದ ಅಥವಾ 25 ಅಶ್ವಶಕ್ತಿಗಿಂತ ಜಾಸ್ತಿ ಎಂಜಿನ್ ಇರುವ ದೋಣಿ ನಡೆಸಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು. ಅದಕ್ಕೆ ನನ್ನನ್ನು ತಯಾರು ಮಾಡಿದವರು ಈ ಅಜ್ಜ. ಬಹಳ ವರ್ಷ ಫೆರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿ ಎಂಥ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವರು ನನಗೆ ಅಜ್ಜನೇ.

ಆ ದಿನ ಅಕ್ಟೋಬರಿನ ಒಂದು ಶನಿವಾರ. ಎರಡು ದಿನ ಜೋರು ಗಾಳಿ ಬೀಸಿ ನಿಂತಿತ್ತು. ಸೈ ಎಂಬ ಮೀನು ಹಿಡಿಯಲು ಹೊರಟಿದ್ದೆವು. ಗಾಳಿ ನಿಂತಿದ್ದರೂ ಅಲೆ ಪೂರ್ತಿ ಇಳಿದಿರಲಿಲ್ಲ.

ಪೈಪಿನ ಒಂದು ತುದಿ ಹಿಡಿದು ಎಳೆಯೋಣ ಎಂದು ನಾನು ಕೈ ಚಾಚಿದೆ. ಅಜ್ಜ ನನ್ನ ಲೈಫ್ ಜಾಕೆಟ್ ಹಿಂದಿನಿಂದ ಹಿಡಿದುಕೊಂಡರು.

"ಕೈ ಹಾಕಬೇಡ. ಮೊದಲು ಫೋನ್ ಮಾಡು."

ನನಗೆ ಆಶ್ಚರ್ಯ ಆಯಿತು. ನಮ್ಮೂರಲ್ಲಿ ಕಡಲಲ್ಲಿ ತೇಲಿ ಬಂದದ್ದು ಕಂಡವರಿಗೆ ಸೇರಿದ್ದು. ಹಲಗೆಯೋ, ಡ್ರಮ್ಮೋ, ಹಗ್ಗವೋ, ಕಡಲಮ್ಮ ಕೊಟ್ಟಳು ಎಂದು ಎತ್ತಿಕೊಂಡು ಬರುತ್ತಾರೆ. ನಮ್ಮ ಮನೆಯ ಕೊಟ್ಟಿಗೆಗೆ ಹೊದೆಸಿದ್ದ ನೀಲಿ ಬಲೆ ಹಾಗೇ ಬಂದದ್ದು.

ಇದು ಏನು ಎಂದು ಅಜ್ಜನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಸಾಲ್ಮನ್ ಮೀನು ಸಾಕುವ ಪಂಜರಗಳಿಗೆ ಆಹಾರ ಕಳಿಸುವ ಪೈಪು.

ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರವಾರದಲ್ಲಿ, ಉಪ್ಪುಂದದ ಕಡೆ ಪಂಜರ ಮೀನು ಕೃಷಿ ನೋಡಿದವರು ಇದ್ದೀರಿ. ಬುಡ ಅದೇ, ಅಳತೆ ಮಾತ್ರ ಬೇರೆ. ಇಲ್ಲಿ ಒಂದು ಪಂಜರ ಎಂದರೆ ನೀರಿನ ಮೇಲೆ ತೇಲುವ ಕಪ್ಪು ಪ್ಲಾಸ್ಟಿಕ್ ಪೈಪಿನ ದೊಡ್ಡ ಬಳೆ. ಬಳೆಯ ಸುತ್ತಳತೆ 160 ಮೀಟರ್ ಇರುವುದು ಸಾಮಾನ್ಯ. ಅದರಿಂದ ಕೆಳಗೆ ಹತ್ತಾರು ಮೀಟರ್ ಆಳಕ್ಕೆ ಬಲೆ ಇಳಿಬಿಟ್ಟಿರುತ್ತಾರೆ. ಒಂದು ಪಂಜರದಲ್ಲಿ 2 ಲಕ್ಷದವರೆಗೆ ಮೀನು ಸಾಕಬಹುದು ಎಂಬುದು ಕಾನೂನಿನ ಮಿತಿ. ಅಂಥ ಆರೆಂಟು ಪಂಜರಗಳನ್ನು ಹಗ್ಗ, ಸರಪಳಿ, ತೇಲುವ ಬೋಯೆ, ಲಂಗರುಗಳಿಂದ ಒಂದು ಚೌಕಟ್ಟಿನ ಹಾಗೆ ಕಟ್ಟಿ ನಿಲ್ಲಿಸಿರುತ್ತಾರೆ. ಪಕ್ಕದಲ್ಲಿ ಒಂದು ದೊಡ್ಡ ತೆಪ್ಪ, ಮನೆಯ ಹಾಗೆ. ಅದರಲ್ಲಿ ಆಹಾರದ ದಾಸ್ತಾನು. ಅಲ್ಲಿಂದ ಪ್ರತಿ ಪಂಜರಕ್ಕೂ ಒಂದೊಂದು ಪೈಪು ನೀರಿನ ಮೇಲೆ ತೇಲುತ್ತಾ ಹೋಗುತ್ತದೆ. ಗಾಳಿಯ ಒತ್ತಡದಲ್ಲಿ ಕಾಳಿನಂಥ ಆಹಾರವನ್ನು ಅದರೊಳಗೆ ಊದುತ್ತಾರೆ. ಒಂದೊಂದು ಪೈಪು ನೂರಾರು ಮೀಟರ್ ಉದ್ದ. ಕಾಳು ಉಜ್ಜಿ ಉಜ್ಜಿ ಪೈಪು ಒಳಗಿನಿಂದ ಸವೆಯುತ್ತದೆ. ಹೊರಗಿನಿಂದ ಅಲೆ ಹಗಲೂ ರಾತ್ರಿ ಬಗ್ಗಿಸುತ್ತಿರುತ್ತದೆ. ಜೋರು ಗಾಳಿ ಬಂದಾಗ ಎಲ್ಲೋ ಒಂದು ಕಡೆ ಹರಿಯುತ್ತದೆ.

1970ರಲ್ಲಿ ಹಿತ್ರಾ ಎಂಬ ದ್ವೀಪದಲ್ಲಿ ಗ್ರೋಂತ್‌ವೆಟ್ ಅಣ್ಣತಮ್ಮಂದಿರು ಮೊದಲ ಬಾರಿಗೆ ಕಡಲಲ್ಲಿ ಪಂಜರ ಇಟ್ಟು ಸಾಲ್ಮನ್ ಸಾಕಿ ಗೆದ್ದರು. ಇಂದು ಪ್ರಪಂಚದಲ್ಲಿ ಸಾಕುವ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ದೇಶದ್ದು. ಬೆಂಗಳೂರಿನ ದೊಡ್ಡ ಹೋಟೆಲಿನ ತಟ್ಟೆಯಲ್ಲಿ ಸಿಗುವ ಕೇಸರಿ ಬಣ್ಣದ ಮೀನು ಇಲ್ಲಿಂದ ಬಂದದ್ದಿರಬಹುದು. ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಈ ಕೆಲಸದಿಂದ ಊಟ ಮಾಡುತ್ತಾರೆ. ಹಾಗಾಗಿ ಪಂಜರವೇ ಬೇಡ ಎಂದು ನಾನು ಹೇಳುವುದಿಲ್ಲ. ನನ್ನ ಮಾತು ಹರಿದು ಹೋದದ್ದರ ಬಗ್ಗೆ.

ಫೋನ್ ಮಾಡಿದೆ. ಇಲ್ಲಿ 120 ಒತ್ತಿದರೆ ಕರಾವಳಿ ರೇಡಿಯೋದವರು ಸಿಗುತ್ತಾರೆ. ದೋಣಿಯಲ್ಲಿ ವಿಎಚ್ಎಫ್ ರೇಡಿಯೋ ಸೆಟ್ ಇದ್ದರೆ 16ನೇ ಚಾನೆಲ್. ಒಬ್ಬ ಹೆಂಗಸು ಎತ್ತಿಕೊಂಡರು. ಮೊದಲ ಪ್ರಶ್ನೆ ಪೈಪಿನ ಬಗ್ಗೆ ಅಲ್ಲ. "ದೋಣಿಯಲ್ಲಿ ಎಷ್ಟು ಜನ? ಎಲ್ಲರೂ ಕ್ಷೇಮವೇ? ಎಂಜಿನ್ ಸರಿ ಇದೆಯಾ?" ಆಮೇಲೆ ಜಾಗ. ಅಕ್ಷಾಂಶ, ರೇಖಾಂಶ ಓದಿ ಹೇಳಿದೆ. ಉದ್ದ ಎಷ್ಟು, ಯಾವ ಬಣ್ಣ, ಯಾವ ದಿಕ್ಕಿಗೆ ಹೋಗುತ್ತಿದೆ, ನೀರಿನಿಂದ ಎಷ್ಟು ಮೇಲೆ ಕಾಣುತ್ತದೆ. ಕೊನೆಯ ಪ್ರಶ್ನೆಗೆ ನನ್ನ ಉತ್ತರ "ಮೂರು ಬೆರಳು". ಅವರು ಒಂದು ಕ್ಷಣ ಸುಮ್ಮನಾದರು. ಆ ಮೂರು ಬೆರಳಿನ ಅರ್ಥ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಲೀಟರ್ ಕಡಲ ನೀರು ಸುಮಾರು 1025 ಗ್ರಾಂ ತೂಗುತ್ತದೆ. ಅಷ್ಟೇ ಜಾಗ ತುಂಬುವ ಪಾಲಿಥಿನ್, ಅಂದರೆ ಈ ಪೈಪಿನ ಪ್ಲಾಸ್ಟಿಕ್, ಸುಮಾರು 950 ಗ್ರಾಂ. ಅಂದರೆ ಒಳಗೆ ನೀರು ತುಂಬಿದ ಪೈಪು ಮುಳುಗುವುದೂ ಇಲ್ಲ, ಸರಿಯಾಗಿ ಮೇಲೆ ತೇಲುವುದೂ ಇಲ್ಲ. ಕಣ್ಣಿಗೆ ಕಾಣುವುದು ಕಡಿಮೆ. ಪ್ಲಾಸ್ಟಿಕ್ ಆದ್ದರಿಂದ ರೇಡಾರಿಗೂ ಸಿಗುವುದಿಲ್ಲ. ವೇಗವಾಗಿ ಬರುವ ಸಣ್ಣ ದೋಣಿ ಇದಕ್ಕೆ ಹೊಡೆದರೆ ದೋಣಿಯನ್ನು ಮುಂದೆ ತಳ್ಳುವ ನೀರೊಳಗಿನ ಫ್ಯಾನು ಮುರಿಯಬಹುದು, ತಳ ಒಡೆಯಬಹುದು, ಕುಳಿತವರು ಹೊರಗೆ ಎಸೆಯಲ್ಪಡಬಹುದು. ಅಕ್ಟೋಬರಿನಲ್ಲಿ ಇಲ್ಲಿನ ನೀರು ಹತ್ತು ಹನ್ನೆರಡು ಡಿಗ್ರಿ. ನಮ್ಮ ಕಡಲಿನ ಹಾಗೆ ಅದರಲ್ಲಿ ಗಂಟೆಗಟ್ಟಲೆ ಈಜುತ್ತಾ ಇರಲು ಆಗುವುದಿಲ್ಲ.

ಪೈಪನ್ನು ಎಳೆದು ತರಲು ನಮ್ಮ ದೋಣಿಗೆ ಶಕ್ತಿ ಇರಲಿಲ್ಲ. ನೀರು ತುಂಬಿದ ಅಷ್ಟುದ್ದದ ಪೈಪು ಹಿಂದೆ ಎಳೆದರೆ ದೋಣಿ ತಿರುಗುವುದೇ ಇಲ್ಲ. ಸುಮ್ನೆ ಕಟ್ಟಿಕೊಂಡರೆ ಅದು ನಮ್ಮ ಫ್ಯಾನಿಗೇ ಸುತ್ತಿಕೊಳ್ಳುತ್ತದೆ. ಅಜ್ಜ ಎಂಜಿನ್ ಪೂರ್ತಿ ಆಫ್ ಮಾಡಿದರು. ಹುಟ್ಟು ಹಾಕುತ್ತಾ ತುದಿಯ ಹತ್ತಿರ ಹೋದರು. ದೋಣಿಯ ಬದಿಗೆ ಕಟ್ಟುವ ಕಿತ್ತಳೆ ಬಣ್ಣದ ಎರಡು ಗಾಳಿಚೆಂಡು ಇದ್ದವು. ಒಂದನ್ನು ಈ ತುದಿಗೆ ಕಟ್ಟಿದೆವು. ಪೈಪಿನ ಗುಂಟ ಹೋಗಿ ಇನ್ನೊಂದು ತುದಿ ಹುಡುಕಿ, ಅದಕ್ಕೆ ಎರಡನೆಯದನ್ನು ಕಟ್ಟಿದೆವು. ಸುಮಾರು 60 ಮೀಟರ್ ಇತ್ತು. ಒಂದು ತುದಿಯಲ್ಲಿ ಜೋಡಿಸುವ ಕ್ಲಾಂಪ್ ಹಾಗೇ ಉಳಿದಿತ್ತು. ಇನ್ನೊಂದು ತುದಿ ಸವೆದು ಹರಿದಿತ್ತು, ನಾರು ನಾರಾಗಿ. ಅದನ್ನು ನೋಡಿ ಅಜ್ಜ ಏನೂ ಹೇಳಲಿಲ್ಲ. ಒಂದು ಫೋಟೋ ತೆಗೆಯಲು ಹೇಳಿದರು, ಅಷ್ಟೇ.

ಆಮೇಲೆ ಕಾದದ್ದು ಒಂದೂವರೆ ಗಂಟೆ. ಪೈಪನ್ನು ಬಿಟ್ಟು ಹೋಗುವ ಹಾಗಿಲ್ಲ. ಅಜ್ಜನ ಕೈರೇಡಿಯೋ ಆನ್ ಇತ್ತು. ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕುಳಿತಿದ್ದಾಗ ಅದರಿಂದ ದನಿ ಬಂತು. "ಸೆಕ್ಯುರಿತೆ, ಸೆಕ್ಯುರಿತೆ, ಸೆಕ್ಯುರಿತೆ." ಅಪಾಯದ ಎಚ್ಚರಿಕೆ ಕೊಡುವ ಮೊದಲು ಮೂರು ಸಲ ಹೇಳುವ ಮಾತು ಇದು. ಆಮೇಲೆ ನಾನು ಓದಿ ಹೇಳಿದ್ದ ಅಂಕಿಗಳೇ ಕೇಳಿಸಿದವು. ತೇಲುವ ಪೈಪು, ನೀರಿನ ಮಟ್ಟದಲ್ಲಿ, ಎಚ್ಚರದಿಂದ ಸಾಗಿ.

ಸ್ವಲ್ಪ ಹೊತ್ತಿಗೆ ದಕ್ಷಿಣದಿಂದ ಬರುತ್ತಿದ್ದ ಒಂದು ಮೀನಿನ ಬೋಟು ಪಶ್ಚಿಮಕ್ಕೆ ತಿರುಗಿತು. ನಮ್ಮನ್ನು ದೂರದಿಂದ ಸುತ್ತಿ ಬಳಸಿ ಹೋಯಿತು. ಬೋಟಿನಲ್ಲಿದ್ದವರ ಮುಖ ನನಗೆ ಕಾಣಲಿಲ್ಲ. ಕೈ ಮಾತ್ರ ಎತ್ತಿದರು. ನನ್ನ ಗಂಟಲು ಕಟ್ಟಿತು. ಏನೂ ಆಗಿರಲಿಲ್ಲ. ಒಂದು ಬೋಟು ದಾರಿ ಬದಲಿಸಿತು, ಅಷ್ಟೇ. ಆದರೆ ನಾನು ಧಕ್ಕೆಯ ಮೇಲೆ ನಿಂತು ಅಪ್ಪಯ್ಯನ ಬೋಟಿಗೆ ಕಾದವಳು. ಬೋಟು ಬಂದು ಮುಟ್ಟುವುದು ಎಂದರೆ ಏನು ಎಂದು ನನಗೆ ಗೊತ್ತು.

ಕಾಯುವಾಗ ಅಜ್ಜ ತಿಮಿಂಗಿಲದ ವಿಷಯ ಎತ್ತಿದರು. 2017ರ ಜನವರಿಯಲ್ಲಿ ಇದೇ ಸೋತ್ರಾದ ದಡಕ್ಕೆ ಒಂದು ಕೊಕ್ಕಿನ ತಿಮಿಂಗಿಲ ಬಂದು ಬಿದ್ದಿತು. ಉಳಿಯುವ ಹಾಗಿರಲಿಲ್ಲ. ಕೊಲ್ಲಬೇಕಾಯಿತು. ಹೊಟ್ಟೆ ಕೊಯ್ದಾಗ ಸುಮಾರು 30 ಪ್ಲಾಸ್ಟಿಕ್ ಚೀಲ ಸಿಕ್ಕವು. ದೇಶವೆಲ್ಲ ಅದರದ್ದೇ ಮಾತು. ಆಮೇಲೆ ಇಲ್ಲಿಯವರು ದಡ ಗುಡಿಸಲು ಹೊರಟ ರೀತಿಯೇ ಬೇರೆ. ಮಕ್ಕಳು, ಮುದುಕರು, ಶಾಲೆಗಳು, ಆಫೀಸಿನವರು. ನಾವೂ ಪ್ರತಿ ವಸಂತದಲ್ಲಿ ಹೋಗುತ್ತೇವೆ. ಬಂಡೆಯ ಸಂದಿನಲ್ಲಿ ಸಿಗುವುದು ಬಾಟಲಿ, ಹತ್ತಿ ಕಡ್ಡಿ, ಬಲೆಯ ಚೂರು, ಹಗ್ಗ. ಜೊತೆಗೆ ಇಂಥ ಕಪ್ಪು ಪೈಪಿನ ತುಂಡುಗಳು. ಕೆಲವು ಮಣ್ಣಿನಲ್ಲಿ ಹೂತು, ಮೇಲೆ ಹುಲ್ಲು ಬೆಳೆದು, ಬೇರಿನ ಹಾಗೆ ಕಾಣುತ್ತವೆ. ಗುದ್ದಲಿ ಇಲ್ಲದೆ ತೆಗೆಯಲು ಆಗುವುದಿಲ್ಲ.

ಕೊನೆಗೆ ಹತ್ತಿರದ ಒಂದು ಸಾಕಣೆ ಕೇಂದ್ರದ ಕೆಲಸದ ಬೋಟು ಬಂತು. ಕ್ರೇನ್ ಇರುವ ಬೋಟು. ಇಬ್ಬರು ಹುಡುಗರು. ಬಹಳ ಮರ್ಯಾದೆಯಿಂದ ಮಾತಾಡಿದರು. ಪೈಪನ್ನು ಎತ್ತಿ, ತುಂಡು ತುಂಡು ಮಾಡಿ ಬೋಟಿನ ಮೇಲೆ ಪೇರಿಸಿದರು. ಕತ್ತರಿಸಿದ ಕಡೆಯೆಲ್ಲ ನೀರು ಸುರಿಯಿತು. ಒಬ್ಬ ಹುಡುಗ ಪ್ರತಿ ತುಂಡನ್ನೂ ತಿರುಗಿಸಿ ನೋಡುತ್ತಿದ್ದ. ಏನು ಹುಡುಕುತ್ತೀಯಾ ಎಂದು ಕೇಳಿದೆ. ಹೆಸರು, ನಂಬರ್, ಯಾವುದಾದರೂ ಗುರುತು. ಏನೂ ಇರಲಿಲ್ಲ. ಪೈಪು ತಯಾರಿಸಿದವರ ಅಚ್ಚು ಮಾತ್ರ ಇತ್ತು. "ನಮ್ಮದಲ್ಲ. ನಮ್ಮದೆಲ್ಲ ಇವತ್ತು ಬೆಳಿಗ್ಗೆ ಎಣಿಸಿದ್ದೇವೆ" ಎಂದ. ನಾನು ನಂಬಿದೆ. ಅವನದ್ದಲ್ಲದಿದ್ದರೂ ಬಂದು ಎತ್ತಿದನಲ್ಲ.

ಆದರೆ ಯಾರದ್ದು? ಈ ಕರಾವಳಿಯಲ್ಲಿ ಕಡಲಿನ ಹರಿವು ದಕ್ಷಿಣದಿಂದ ಉತ್ತರಕ್ಕೆ. ದಕ್ಷಿಣದ ಯಾವ ಫ್ಯೋರ್ಡಿನಿಂದ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲ ಕವಲಿನಿಂದ, ಬೇಕಾದರೂ ಬಂದಿರಬಹುದು. ಇದು ನನಗೆ ಸರಿ ಕಾಣುವುದಿಲ್ಲ. ಗಂಗೊಳ್ಳಿಯಲ್ಲಿ ಮೀನಿನ ಬೋಟಿಗೆ ನೋಂದಣಿ ನಂಬರ್ ದೊಡ್ಡದಾಗಿ ಬರೆಯಿಸುತ್ತಾರೆ. ದೂರದಿಂದಲೇ ಯಾರ ಬೋಟು ಎಂದು ಗೊತ್ತಾಗುತ್ತದೆ. ಮೀನು ಸಾಕುವವರು ತಮ್ಮ ಪೈಪಿನ ಮೇಲೆ ಪ್ರತಿ ಹತ್ತು ಮೀಟರಿಗೆ ಒಂದು ಗುರುತು ಹಾಕಿಸುವುದು ಕಷ್ಟದ ಕೆಲಸವೇ? ಪಂಜರದಿಂದ 20 ಮೀಟರ್ ಒಳಗೆ ದೋಣಿ ತರಬಾರದು, 100 ಮೀಟರ್ ಒಳಗೆ ಮೀನು ಹಿಡಿಯಬಾರದು ಎಂದು ನಮಗೆ ನಿಯಮ ಇದೆ. ನಾವು ಪಾಲಿಸುತ್ತೇವೆ. ಅವರ ಪೈಪು ನಮ್ಮ ದಾರಿಗೆ ಬಂದಾಗ ಅದರ ಮೇಲೆ ಒಂದು ಹೆಸರಾದರೂ ಇರಬೇಕು. ಹೆಸರಿದ್ದರೆ ಜೋಪಾನ ತಾನಾಗಿ ಬರುತ್ತದೆ. ಇದನ್ನೇ ಬರೆದು ಫೋಟೋ ಜೊತೆ ಮೀನುಗಾರಿಕೆ ಇಲಾಖೆಗೆ ಕಳಿಸಿದ್ದೇನೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಸಾಲ್ಮನ್, ಪಂಜರ, 160 ಮೀಟರಿನ ಬಳೆ, ಯಾವುದೂ ಅವರಿಗೆ ದೊಡ್ಡದಾಗಲಿಲ್ಲ.

"ಅದ್ರ್ ಮೇಲೆ ಲೈಟ್ ಇದ್ದಿತಾ ಮಗಾ?"

ಇರಲಿಲ್ಲ ಎಂದೆ. ಅವರ ಬೋಟಿನ ಫ್ಯಾನಿಗೆ ಒಮ್ಮೆ ರಾತ್ರಿ ಯಾರದೋ ಹರಿದ ಬಲೆ ಸುತ್ತಿಕೊಂಡಿತ್ತು. ಎಂಜಿನ್ ನಿಂತು, ಬೆಳಗಾಗುವವರೆಗೆ ಅಲೆ ಹೊತ್ತುಕೊಂಡು ಹೋದ ಕಡೆ ಹೋಗಿ, ಮಾರನೇ ಮಧ್ಯಾಹ್ನ ಇನ್ನೊಂದು ಬೋಟು ಎಳೆದು ತಂದಿತ್ತು. ಆಗ ನನಗೆ ಎಂಟು ವರ್ಷ. ಅಬ್ಬಿ, ಅಂದರೆ ನನ್ನ ಅಮ್ಮ, ಆ ಬೆಳಿಗ್ಗೆ ಮೀನಿನ ಬುಟ್ಟಿಯನ್ನು ಮಗುಚಿ ಹಾಕಿ ಅದರ ಮೇಲೆ ಕುಳಿತಿದ್ದಳು. ಯಾರು ಕರೆದರೂ ಏಳಲಿಲ್ಲ.

ಫೋಟೋ ಕಳಿಸಿದೆ. ಅಪ್ಪಯ್ಯ ಬಹಳ ಹೊತ್ತು ನೋಡಿದರು. ಕ್ಲಾಂಪ್ ಇರುವ ತುದಿ, ಹರಿದ ತುದಿ. ಆಮೇಲೆ ಕೇಳಿದರು:

"ಉಳ್ದದ್ದ್ ಎಲ್ಲ್ ಹೋಯ್ತ್?"

ಅಜ್ಜ ಮಾತಿಲ್ಲದೆ ನೋಡುತ್ತಾ ನಿಂತದ್ದು ಇದನ್ನೇ. ಹರಿದದ್ದು ಒಂದು ಕಡೆಯಾದರೆ ಅದರಾಚೆ ಇನ್ನೊಂದು ತುಂಡು ಇರಬೇಕಲ್ಲ. ಪಂಜರಕ್ಕೇ ಅಂಟಿಕೊಂಡು ಉಳಿದಿದ್ದರೆ ಸರಿ. ಇಲ್ಲದಿದ್ದರೆ?

ಭಾನುವಾರ ಬೆಳಿಗ್ಗೆ ಅಜ್ಜ ಬಾಗಿಲು ತಟ್ಟಿದರು. ದೋಣಿಗೆ ಪೆಟ್ರೋಲ್ ತುಂಬಿಸಿ ಆಗಿತ್ತು. ಗಾಳಿಚೆಂಡು ಈ ಸಲ ನಾಲ್ಕು ತಂದಿದ್ದರು. ಉತ್ತರಕ್ಕೆ ಹೋದೆವು, ಹರಿವಿನ ಜೊತೆ, ನಿಧಾನವಾಗಿ. ನಾನು ಮುಂದೆ ಕುಳಿತು ನೀರು ನೋಡುತ್ತಾ ಇದ್ದೆ. ಮಧ್ಯಾಹ್ನದವರೆಗೆ ಹುಡುಕಿದೆವು. ಸಿಗಲಿಲ್ಲ. ಮುಂದಿನ ಶನಿವಾರ ಗಾಳಿ ಇಲ್ಲದಿದ್ದರೆ ಮತ್ತೆ ಹೋಗುತ್ತೇವೆ.