ಜಪವೂ ಇದೆ, ಪ್ರಶ್ನೆಯೂ ಇದೆ
ನಿದ್ದೆ ಬಾರದ ರಾತ್ರಿಗಳಿಂದ ಇದು ಶುರುವಾಯಿತು. ಎರಡು ಗಂಟೆಗೆ ಎಚ್ಚರವಾದರೆ ಮುಗಿಯಿತು, ನಾಳೆಯ ಕೆಲಸ, ಯಾರೋ ಆಡಿದ ಮಾತು, ತೀರಿಸಬೇಕಾದ ಸಾಲ, ಎಲ್ಲಾ ಒಂದೊಂದಾಗಿ ಬಂದು ಎದೆ ಮೇಲೆ ಕೂರುತ್ತಿದ್ದವು. ಆಗ ಹಿಡಿದುಕೊಂಡಿದ್ದು ಜಪ. ಈಗ ನಾಲ್ಕು ವರ್ಷವಾಯಿತು.

ಮೊದಲ ಇಪ್ಪತ್ತು ಮೂವತ್ತು ಮಣಿ ಉರುಳುವವರೆಗೂ ಬೆರಳು ಮಾತ್ರ ಜಪ ಮಾಡುತ್ತಿರುತ್ತದೆ. ನಾಲಿಗೆಯಲ್ಲಿ ಮಂತ್ರ, ತಲೆಯಲ್ಲಿ ಲೆಕ್ಕಾಚಾರ, ಎರಡೂ ಒಟ್ಟಿಗೆ ಹೇಗೆ ನಡೆಯುತ್ತವೋ ನನಗಿನ್ನೂ ಆಶ್ಚರ್ಯ. ಆಮೇಲೆ ಯಾವಾಗಲೋ ಉಸಿರು ಬಿಡುವುದಕ್ಕೂ ಮಂತ್ರ ಮುಗಿಯುವುದಕ್ಕೂ ಸರಿಹೋಗುತ್ತದೆ, ದವಡೆ ಸಡಿಲವಾಗುತ್ತದೆ. ಅಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದೆ ಅಂತ ಗೊತ್ತಾಗುವುದೇ ಆಗ.

ಹಾಗಾದರೆ ಕೆಲಸ ಮಾಡಿದ್ದು ಮಂತ್ರವೋ, ಉಸಿರೋ? 2001ರಲ್ಲಿ ಇಟಲಿಯ ಸಂಶೋಧಕ ಲೂಚಿಯಾನೋ ಬರ್ನಾರ್ಡಿ ಮತ್ತು ಜೊತೆಗಾರರು 23 ಜನರಿಂದ ‘ಓಂ ಮಣಿ ಪದ್ಮೇ ಹೂಂ’ ಹೇಳಿಸಿದರು, ಲ್ಯಾಟಿನ್ ಭಾಷೆಯ ಮೇರಿ ಮಾತೆಯ ಪ್ರಾರ್ಥನೆಯನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿಯಿತು. ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಹಾರ್ವರ್ಡ್‌ನ ವೈದ್ಯ ಹರ್ಬರ್ಟ್ ಬೆನ್ಸನ್ ಅವರು ಮಹರ್ಷಿ ಮಹೇಶ್ ಯೋಗಿಯವರ ಪದ್ಧತಿಯಲ್ಲಿ, ಅಂದರೆ ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡು, ಧ್ಯಾನ ಮಾಡುವವರನ್ನು ಪರೀಕ್ಷಿಸಿ, ದೇಹ ಶಾಂತವಾಗೋಕೆ ‘ಒಂದು’ ಅನ್ನುವಂಥ ಯಾವ ಪದವಾದರೂ ಸಾಕು ಅಂದಿದ್ದರು.

ಇದನ್ನು ಓದಿ ನಾನೂ ಹದಿನೈದು ದಿನ ‘ಒಂದು, ಒಂದು’ ಅಂತ ಕೂತೆ. ಉಸಿರು ನಿಧಾನವಾಯಿತು, ಸುಳ್ಳು ಹೇಳಲ್ಲ. ಆದರೆ ಹದಿನಾರನೇ ದಿನ ಕೂರೋಕೆ ಮನಸ್ಸೇ ಬರಲಿಲ್ಲ. ಚಿಕ್ಕಂದಿನಿಂದ ಕೇಳಿದ ಮಂತ್ರವಾದರೆ ಎರಡು ದಿನ ಬಿಟ್ಟರೂ ಅದೇ ಕರೆಯುತ್ತದೆ. ಪತಂಜಲಿ ಬರೀ ಜಪ ಮಾಡು ಅನ್ನಲಿಲ್ಲ, ‘ತಜ್ಜಪಸ್ತದರ್ಥಭಾವನಮ್’ ಅಂದರು, ಅದರ ಅರ್ಥವೂ ಮನಸ್ಸಿನಲ್ಲಿರಬೇಕು ಅಂತ. ನನ್ನ ಮಟ್ಟಿಗೆ ಪದದ ಬೆಲೆ ಇರುವುದು ಅಲ್ಲೇ.

ಅನುಮಾನ ಬರುವುದು ಬೇರೆ ಕಡೆ. ಮಂತ್ರ ಗುಟ್ಟು, ಅದಕ್ಕೆ ಇಂತಿಷ್ಟು ಶುಲ್ಕ, ಯಾರಿಗೂ ಹೇಳಬೇಡಿ ಅಂತ ಕಲಿಸುವವರು ಅಂದಾಗ ನನಗೆ ಕಸಿವಿಸಿ. ಗುಟ್ಟಾಗಿಟ್ಟರೆ ಶ್ರದ್ಧೆ ಹೆಚ್ಚುತ್ತದೆ ಅನ್ನುವುದು ಒಪ್ಪಬಹುದಾದ ಮಾತೇ, ಆದರೆ ಪ್ರಶ್ನೆ ಕೇಳಿದವರನ್ನು ಸುಮ್ಮನಾಗಿಸೋಕೂ ಅದೇ ಗುಟ್ಟು ಬಳಕೆಯಾಗುತ್ತದಲ್ವಾ?

ಇನ್ನು ಎಲ್ಲಾ ಕಾಯಿಲೆಗೂ ಇದೇ ಮದ್ದು ಅನ್ನುವವರು. ಶಿಬಿರವೊಂದರಲ್ಲಿ ಕಲಿಸುವವರು ‘ಜಪ ಸರಿಯಾಗಿದ್ದರೆ ಬಿಪಿ ಮಾತ್ರೆ ಯಾಕೆ’ ಅಂದರು, ನಾನು ನಂಬಿ ಮೂರು ವಾರ ಬಿಟ್ಟೆ. ತಲೆನೋವು ಅಂತ ತೋರಿಸೋಕೆ ಹೋದಾಗ ಬಿಪಿಯ ಮೇಲಿನ ಅಂಕಿ 170 ಇತ್ತು. ಡಾಕ್ಟರ್ ಬೈಯಲಿಲ್ಲ, ಪಟ್ಟಿಯನ್ನು ಇನ್ನೊಮ್ಮೆ ತೋಳಿಗೆ ಸುತ್ತಿ ನೋಡಿದರು, ಅಷ್ಟೇ. ಅವತ್ತು ತುಂಬಾ ಭಯವಾಯಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಮಹರ್ಷಿಯವರ ಪದ್ಧತಿಯಿಂದ ಬಿಪಿ ಸ್ವಲ್ಪ ಇಳಿಯಬಹುದು ಅಂದಿರುವುದು ನಿಜ, ಆದರೆ ಮಾತ್ರೆ ಬಿಡಿ ಅಂದಿಲ್ಲ. 2014ರಲ್ಲಿ ಧ್ಯಾನದ 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರಿಗೆ, ಉಸಿರು ಮತ್ತು ಯೋಚನೆಗಳನ್ನು ಸುಮ್ನೆ ಗಮನಿಸುವ ಧ್ಯಾನದಿಂದ ಆತಂಕ ಒಂದಿಷ್ಟು ಕಡಿಮೆಯಾಗುವುದು ಕಂಡಿತು. ಮಂತ್ರಧ್ಯಾನದ ಬಗ್ಗೆ ಅಷ್ಟು ಗಟ್ಟಿ ಪುರಾವೆ ಸಿಗಲಿಲ್ಲ.

ಕಣ್ಣು ಮುಚ್ಚಿ ಕೂತರೆ ಭಯ ಜಾಸ್ತಿಯಾಗುವವರೂ ಇದ್ದಾರೆ. ನಿಮಗೆ ಹಾಗಾದರೆ ‘ಇನ್ನೂ ಗಟ್ಟಿಯಾಗಿ ಜಪಿಸು’ ಅನ್ನುವ ಮಾತು ಕೇಳಬೇಡಿ. ಕಣ್ಣು ಬಿಡಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ನಂಬಿಕೆಯವರ ಹತ್ತಿರವೋ ಡಾಕ್ಟರ್ ಹತ್ತಿರವೋ ಮಾತಾಡಿ. ಮಾಲೆ ಅಲ್ಲೇ ಇರುತ್ತದೆ.