ಜೀನಿಯಾ ಅಂತ ಕೊಟ್ಟಿದ್ದು ಜೀನಿಯಾ ಅಲ್ಲ

ಕುವೆಂಪುನಗರದ ನಮ್ಮ ತಾರಸಿಯಲ್ಲಿ ಜೀನಿಯಾ ಅಂತ ಕೊಟ್ಟ ಬೀಜ ಹಾಕಿದ್ದೆ. ಮೊದಲ ವರ್ಷ ಬರೀ ಎಲೆ, ಉಪ್ಪುಕಾಗದದಂತೆ ಒರಟು. ಅತ್ತೆ ‘ಕಳೆ ಅದು, ಕಿತ್ತು ಬಿಸಾಕಮ್ಮ’ ಅಂದರು. ಸುಮ್ನೆ ಬಿಟ್ಟೆ.

ಈ ಜುಲೈನಲ್ಲಿ ಹೂವು ಬಿಟ್ಟಿತು. ಜೋತುಬಿದ್ದ ನೇರಳೆ-ಗುಲಾಬಿ ಎಸಳು, ನಡುವೆ ಕಿತ್ತಳೆ ಬಣ್ಣದ ಉಬ್ಬು. ಬೆರಳಿಟ್ಟರೆ ಚುಚ್ಚುತ್ತದೆ! ಅಲ್ಲೇ ಗೊತ್ತಾಯ್ತು, ಇದು ಎಕಿನೇಸಿಯಾ. ಹೆಸರು ಬಂದದ್ದೇ ಆ ಮುಳ್ಳಿನಿಂದ, ಗ್ರೀಕ್‌ನಲ್ಲಿ ಎಕಿನೋಸ್ ಅಂದರೆ ಮುಳ್ಳಿಲಿ. ಇದೇ ಥರ ಕಾಣುವ ರುಡ್ಬೆಕಿಯಾ ಹೂವು ಹೀಗೆ ಚುಚ್ಚಲ್ಲ.

ಅಮೆರಿಕದ ಹುಲ್ಲುಗಾವಲಿನ ಗಿಡ, ಸೂರ್ಯಕಾಂತಿಯ ನೆಂಟ. ಅಲ್ಲಿ ಚಳಿ ಕಳೆದ ಮೇಲೆ ಬೀಜ ಮೊಳೆಯುತ್ತದೆ. ಅದಕ್ಕೇ ಹೊಸ ಬೀಜವನ್ನು ಒದ್ದೆ ಮರಳಲ್ಲಿಟ್ಟು, ಒಂದು ತಿಂಗಳು ಫ್ರಿಜ್ಜಿನಲ್ಲಿ ಇಡುತ್ತೇನೆ, ಇಡ್ಲಿ ಹಿಟ್ಟಿನ ಪಕ್ಕ. ನೀರು ನಿಂತರೆ ಬೇರು ಕೊಳೆಯುತ್ತದೆ, ಕುಂಡಕ್ಕೆ ಮರಳು ಜಾಸ್ತಿ ಹಾಕಬೇಕು.

ಅತ್ತೆ ಈಗ ದೇವರಿಗೆ ಎರಡು ಹೂವು ಕೇಳುತ್ತಿದ್ದಾರೆ. ಬೀಜಕ್ಕೆ ಬೇಕು, ಕೊಡಲ್ಲ ಅಂದಿದ್ದೇನೆ.