ಐದು ಪ್ರಶ್ನೆ

ನಿನ್ನೆ ಡಾಕ್ಟರು ಒಂದು ಹಾಳೆ ಕೈಗಿತ್ತು, "ತುಂಬಿಸ್ಕೊಂಡು ಬನ್ನಿ ಮೇಡಂ" ಅಂದರು. ಮೈಡಾಸ್ ಅಂತ ಅದರ ಹೆಸರು. ಅರೆತಲೆನೋವು ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ತಿಂದಿತು ಅನ್ನೋ ಲೆಕ್ಕ. ಕೆಲಸಕ್ಕೆ ಹೋಗಲಾಗದ ದಿನ ಎಷ್ಟು, ಹೋದರೂ ಅರ್ಧ ಕೆಲಸವೂ ಆಗದ ದಿನ ಎಷ್ಟು, ಮನೆಗೆಲಸದ್ದೂ ಹಾಗೇ ಎರಡು, ಕೊನೆಗೆ ತಪ್ಪಿಹೋದ ಮದುವೆ-ಮುಂಜಿ, ತಿರುಗಾಟ. ಐದನ್ನೂ ಕೂಡಿ 21 ಮುಟ್ಟಿದರೆ ತೀವ್ರ.

ಆಫೀಸಿನದು ಸಲೀಸು, ರಜೆ ಲೆಕ್ಕ ಮೊಬೈಲಲ್ಲೇ ಇದೆ: 4. ಮನೆಗೆಲಸದ ಹತ್ತಿರ ಪೆನ್ನು ನಿಂತಿತು. ಒಗ್ಗರಣೆ ವಾಸನೆಗೆ ವಾಕರಿಕೆ ಬಂದು, ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡೇ ಸಾರು ಇಳಿಸಿದ ದಿನಗಳನ್ನ ಎಲ್ಲಿ ಬರೀಲಿ? ಕೆಲಸ ಆಗಿದೆಯಲ್ಲ! "ಸೊನ್ನೆ ಹಾಕು, ಅಡುಗೆ ಯಾವತ್ತು ತಪ್ಪಿಸಿದ್ದೀಯ" ಅಂದರು ಇವರು. ಹೊಗಳಿಕೆಯೋ ಏನೋ.

ನಿಮ್ಹಾನ್ಸ್‌ನವರು ಬೆಂಗಳೂರಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕೇಳಿದಾಗ, ದೊಡ್ಡವರಲ್ಲಿ ನೂರಕ್ಕೆ ಸುಮಾರು 25 ಜನರಿಗೆ ಮೈಗ್ರೇನ್ ಇತ್ತಂತೆ. ನಮ್ಮ ಬೀದಿಯಲ್ಲೇ ಎಷ್ಟು ಮನೆ ಕಿಟಕಿ ಮುಚ್ಚಿರುತ್ತೋ.

ಅಮ್ಮ ಇದಕ್ಕೆ ಪಿತ್ತ ಅಂತಿದ್ದಳು. ಒಣಶುಂಠಿ ತೇಯ್ದು ಹಣೆಗೆ ಹಚ್ಚಿ, ಕತ್ತಲೆ ಕೋಣೇಲಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಆ ದಿನಗಳನ್ನ ಯಾರೂ ಎಣಿಸಲಿಲ್ಲ. ನಾವು ಮಕ್ಕಳು ಬಾಗಿಲು ದೂಡಿ "ಅಮ್ಮಾ, ಊಟ" ಅಂತಿದ್ದೆವು. ಎದ್ದು ಬರುತ್ತಿದ್ದಳು.

ಸಾರಿನ ದಿನಗಳನ್ನೂ ಸೇರಿಸಿ ಕೂಡಿದೆ. 23 ಬಂತು. ಇನ್ನೊಂದು ಸಲ ಕೂಡಿದೆ. ಆಗಲೂ 23.